ಎಂ4 ಏರ್‌ಸಾಫ್ಟ್ ರೈಫಲ್‌ನ ಹ್ಯಾಂಡ್‌ಗಾರ್ಡ್ ಬದಲಾಯಿಸುವ ಮೊದಲು ಏನನ್ನು ಅಳೆಯಬೇಕು?

ಪ್ರಶ್ನೆ: ಮುಂಗಾವಲು

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ ಎಂ4 ಮಾದರಿಯ, ಬ್ಯಾಟರಿಯಿಂದ ನಡೆಯುವ ಏರ್‌ಸಾಫ್ಟ್ ರೈಫಲ್ (ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು) ಇದೆ. ರಿಸೀವರ್ (ರೈಫಲ್‌ನ ನಡುವಿನ ಮುಖ್ಯ ಒಡಲು) ಲೋಹದ್ದು, ಬ್ಯಾರೆಲ್ಲಿನ ಸುತ್ತ ಕೈ ಹಿಡಿಯುವ ಹೊದಿಕೆಯಾದ ಹ್ಯಾಂಡ್‌ಗಾರ್ಡ್ ಮಾತ್ರ ಮೇಲೊಂದು ಕೆಳಗೊಂದು ಎಂದು ಎರಡು ಹೋಳಾಗಿರುವ ಪ್ಲಾಸ್ಟಿಕ್ಕಿನದು. ಅದರ ಮುಂದಿನ ತುದಿ ಫ್ರಂಟ್ ಸೈಟ್‌ನ (ಬ್ಯಾರೆಲ್ ಮೇಲಿನ ಗುರಿಕಂಬದ) ಹಿಂದಿರುವ ತಗಡಿನ ಬಿಲ್ಲೆಯೊಳಗೆ ಕೂರುತ್ತದೆ, ಹಿಂದಿನ ತುದಿಯನ್ನು ಸ್ಪ್ರಿಂಗ್ ಇರುವ ಡೆಲ್ಟಾ ರಿಂಗ್ ಒತ್ತಿ ಹಿಡಿಯುತ್ತದೆ. ಒಂದು ವರ್ಷ ಆಡಿದ ಮೇಲೆ ಈ ಹೋಳುಗಳು ಸಡಿಲವಾಗಿವೆ. ಎಡಗೈಯಿಂದ ಹಿಡಿದು ತುಸು ತಿರುಚಿದರೂ ಕಿರುಗುಟ್ಟುತ್ತವೆ. ಹೋಳುಗಳು ಕೂಡುವ ಅಂಚಿನಲ್ಲಿ ಪ್ಲಾಸ್ಟಿಕ್ ಉಜ್ಜಿ ಉಜ್ಜಿ ಬಿಳಿಯ ಪುಡಿ ಉದುರುತ್ತಿದೆ. ಕೆಳಗೆ ಹಾಕಿಕೊಂಡಿರುವ ಹಿಡಿ ಮತ್ತು ಪಕ್ಕದ ಟಾರ್ಚ್ ಪ್ರತಿ ಆಟದ ಕೊನೆಗೆ ಒಂದೊಂದು ದಿಕ್ಕಿಗೆ ವಾಲಿರುತ್ತವೆ.

ಅದರ ಬದಲಿಗೆ 12 ಅಥವಾ 13.5 ಇಂಚು ಉದ್ದದ, ಎಂ-ಲಾಕ್ ಎಂಬ, ಉಪಕರಣ ಸಿಕ್ಕಿಸುವ ಕಿಂಡಿಗಳಿರುವ ಅಲ್ಯೂಮಿನಿಯಂ ಹ್ಯಾಂಡ್‌ಗಾರ್ಡ್ ಹಾಕಬೇಕೆಂದಿದ್ದೇನೆ. ನನ್ನ ಸಂದೇಹಗಳು ಇವು. 'ಎಂ4ಗೆ ಹೊಂದುತ್ತದೆ' ಎಂದು ಬರೆದಿರುವ ಯಾವುದನ್ನಾದರೂ ಕಣ್ಣುಮುಚ್ಚಿ ಕೊಳ್ಳಬಹುದೇ? ತ್ರಿಕೋನಾಕಾರದ ಫ್ರಂಟ್ ಸೈಟ್ ಅಡ್ಡ ಬರುವುದಿಲ್ಲವೇ? ನನ್ನ ರೈಫಲ್‌ನಲ್ಲಿ ಬ್ಯಾಟರಿ ಇರುವುದೇ ಹ್ಯಾಂಡ್‌ಗಾರ್ಡಿನೊಳಗೆ, ಅದನ್ನು ಎಲ್ಲಿಗೆ ಸಾಗಿಸಬೇಕು? ಇನ್ನೊಂದು ಮಾತು: ಬ್ಯಾರೆಲ್ಲಿಗೆ ತಾಗದಂತೆ ನಿಲ್ಲುವ, ಫ್ರೀ-ಫ್ಲೋಟ್ ಎನ್ನುವ ಜೋಡಣೆಯಿಂದ ಗುರಿ ಹೆಚ್ಚು ನಿಖರವಾಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ಏರ್‌ಸಾಫ್ಟ್‌ನಲ್ಲಿಯೂ ಇದು ನಿಜವೇ?

ಉತ್ತರ: ಮಟ್ಟಗೋಲು

ನಿಮ್ಮ ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಉಳಿದ ನಿರ್ಧಾರಗಳೆಲ್ಲ ಅದನ್ನೇ ಆಧರಿಸಿವೆ. ನಿಜವಾದ ರೈಫಲ್‌ನಲ್ಲಿ ಗುಂಡು ಹಾರುವಾಗ ಬ್ಯಾರೆಲ್ ಕಂಪಿಸುತ್ತದೆ. ಹ್ಯಾಂಡ್‌ಗಾರ್ಡ್ ಅದರ ಮೇಲೆ ಭಾರ ಹಾಕಿದರೆ ಆ ಕಂಪನ ಪ್ರತಿ ಸಲವೂ ಬೇರೆಯಾಗುವುದರಿಂದ ಹ್ಯಾಂಡ್‌ಗಾರ್ಡನ್ನು ಬ್ಯಾರೆಲ್ಲಿನಿಂದ ಬಿಡಿಸಿ ನಿಲ್ಲಿಸುವ ಕ್ರಮ ಬಂದಿತು. ಏರ್‌ಸಾಫ್ಟ್‌ನಲ್ಲಿ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಸಾಗುವುದು ಹೊರಗೆ ಕಾಣುವ ಬ್ಯಾರೆಲ್ಲಿನಲ್ಲಿ ಅಲ್ಲ, ಅದರೊಳಗೆ ಇರುವ ತೆಳುವಾದ ಒಳ ಬ್ಯಾರೆಲ್ಲಿನಲ್ಲಿ. 0.20 ಗ್ರಾಂ ತೂಕದ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಒಂದೇ ಒಂದು ಜೌಲ್. ಅಷ್ಟಕ್ಕೆ ಬ್ಯಾರೆಲ್ ಕಂಪಿಸಿ ಗುರಿ ತಪ್ಪುವ ಪ್ರಮೇಯವಿಲ್ಲ. ಆದುದರಿಂದ ಆ ಅರ್ಥದಲ್ಲಿ ಫ್ರೀ-ಫ್ಲೋಟ್‌ನಿಂದ ನಿಖರತೆ ಹೆಚ್ಚುವುದಿಲ್ಲ.

ಆದರೂ ಈ ಬದಲಾವಣೆ ವ್ಯರ್ಥವಲ್ಲ. ನಿಮ್ಮ ಈಗಿನ ಹ್ಯಾಂಡ್‌ಗಾರ್ಡ್ ಹೊರ ಬ್ಯಾರೆಲ್ಲಿನ ಮೇಲೆ ಒರಗಿಕೊಂಡಿದೆ. ನೀವು ಮುಂದಿನ ಹಿಡಿಯನ್ನು ಎಳೆದಾಗಲೆಲ್ಲ ಆ ಎಳೆತ ಬಿಲ್ಲೆಯ ಮೂಲಕ ಹೊರ ಬ್ಯಾರೆಲ್ಲಿಗೆ, ಅಲ್ಲಿಂದ ಅದರ ಬುಡಕ್ಕೆ ಹೋಗುತ್ತದೆ. ಬುಡ ಸಡಿಲವಾದರೆ ಒಳ ಬ್ಯಾರೆಲ್ ಕೂಡ ಅದರೊಡನೆ ವಾಲುತ್ತದೆ, ರಿಸೀವರ್ ಮೇಲಿನ ರೆಡ್ ಡಾಟ್ (ಕೆಂಪು ಚುಕ್ಕೆ ತೋರುವ ಗುರಿಗಾಜು) ಮಾತ್ರ ಹಳೆಯ ದಿಕ್ಕಿಗೇ ನೋಡುತ್ತಿರುತ್ತದೆ. ಸರಿಯಾಗಿ ಕೂರಿಸಿದ ಒಂದೇ ತುಂಡಿನ ಹ್ಯಾಂಡ್‌ಗಾರ್ಡ್ ಈ ಎಳೆತವನ್ನು ನೇರವಾಗಿ ರಿಸೀವರಿಗೆ ದಾಟಿಸುತ್ತದೆ. ನೀವು ಕೊಳ್ಳುತ್ತಿರುವುದು ಈ ಗಟ್ಟಿತನವನ್ನು. ಕಿಂಡಿಗಳ ಆಕಾರ, ಬಣ್ಣ, ಉದ್ದ ಇವೆಲ್ಲ ಆಮೇಲಿನವು.

ಆ ಗಟ್ಟಿತನ ನಿಂತಿರುವುದು ಬ್ಯಾರೆಲ್ ನಟ್ ಮೇಲೆ. ರಿಸೀವರಿನ ಮುಂಭಾಗದ ಥ್ರೆಡ್ಡಿಗೆ ಹತ್ತಿ ಹೊರ ಬ್ಯಾರೆಲ್ಲನ್ನು ಕಚ್ಚಿ ಹಿಡಿಯುವ ಬಳೆಯೇ ಅದು. ಫ್ರೀ-ಫ್ಲೋಟ್ ಹ್ಯಾಂಡ್‌ಗಾರ್ಡಿನ ಜೊತೆಗೆ ಸಾಮಾನ್ಯವಾಗಿ ಅದರದೇ ನಟ್ ಬರುತ್ತದೆ; ಹಳೆಯದನ್ನು ಬಿಚ್ಚಿ ಇದನ್ನು ಹಾಕಬೇಕು. ತೊಡಕು ಇಲ್ಲಿಯೇ. ಎಂ4ನ ಮೂಲ ವಿನ್ಯಾಸವಾದ ನಿಜವಾದ ಎಆರ್-15 ರೈಫಲ್‌ನ ರಿಸೀವರಿನ ಥ್ರೆಡ್ 1¼ ಇಂಚು ವ್ಯಾಸದ್ದು, ಇಂಚಿಗೆ 18 ಸುತ್ತು, ಅಂದರೆ 31.75 ಮಿ.ಮೀ. ವ್ಯಾಸ, ಸುತ್ತಿನಿಂದ ಸುತ್ತಿಗೆ 1.41 ಮಿ.ಮೀ. ಏರ್‌ಸಾಫ್ಟ್ ತಯಾರಕರೆಲ್ಲರೂ ಇದನ್ನು ಅನುಸರಿಸುವುದಿಲ್ಲ. ಹೊರಗೆ ಒಂದೇ ತೆರನಾಗಿ ಕಾಣುವ ಎರಡು ಎಂ4ಗಳ ನಟ್ಟುಗಳು ಪರಸ್ಪರ ಹತ್ತದಿರುವುದು ತೀರ ಸಾಮಾನ್ಯ.

1.41ರ ಥ್ರೆಡ್ಡಿಗೆ 1.5 ಮಿ.ಮೀ. ಅಂತರದ ನಟ್ಟನ್ನು ಹಾಕಿದರೆ ಏನಾಗುತ್ತದೆ ನೋಡಿ. ಮೊದಲ ಒಂದೂವರೆ ಸುತ್ತು ಕೈಯಲ್ಲೇ ನಯವಾಗಿ ಹೋಗುತ್ತದೆ. ಪ್ರತಿ ಸುತ್ತಿಗೂ 0.09 ಮಿ.ಮೀ. ತಪ್ಪು ಕೂಡುತ್ತಾ ಐದನೆಯ ಸುತ್ತಿಗೆ ಅದು ಅರ್ಧ ಮಿಲಿಮೀಟರಿನ ಹತ್ತಿರ ಬರುತ್ತದೆ. ಆಗ ಪಾನಾ ಹಾಕಿ ಬಲವಂತ ಮಾಡಿದರೆ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ನಿಮ್ಮ ರಿಸೀವರಿನ ಎಳೆಗಳೇ ಮೊದಲು ಸವೆದು ಹೋಗುತ್ತವೆ, ನಟ್ಟಿಗೆ ಏನೂ ಆಗುವುದಿಲ್ಲ. ನಾನು ನನ್ನ ಮೊದಲ ರೈಫಲ್‌ನ ಮೇಲ್ಭಾಗವನ್ನು ಕಳೆದುಕೊಂಡದ್ದು ಹೀಗೆಯೇ. ಪಾನಾ ತಿರುಗಿಸುವಾಗ ಕೈಗೆ ಹತ್ತಿದ ಆ ಬಿಗಿ ನಟ್ ಕೂರುತ್ತಿರುವ ಬಿಗಿಯೆಂದು ಭಾವಿಸಿದ್ದೆ. ಬಿಚ್ಚಿ ನೋಡಿದರೆ ಥ್ರೆಡ್ಡಿನ ತುಂಬ ಬೂದು ಬಣ್ಣದ ಲೋಹದ ಸಿಪ್ಪೆಗಳಿದ್ದವು.

ಆದುದರಿಂದ ಕೊಳ್ಳುವ ಮೊದಲು ಹಳೆಯ ನಟ್ಟನ್ನು ಬಿಚ್ಚಿ ಅಳೆಯಿರಿ. ಥ್ರೆಡ್ ಪಿಚ್ ಗೇಜ್ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ವರ್ನಿಯರ್ ಕ್ಯಾಲಿಪರ್‌ನಿಂದ ರಿಸೀವರ್ ಥ್ರೆಡ್ಡಿನ ಒಂದು ಏಣಿನಿಂದ ಅದರ ಮುಂದಿನ ಎಂಟನೆಯ ಏಣಿನವರೆಗಿನ ದೂರವನ್ನು ನೋಡಿ: ಇಂಚಿನ ಅಳತೆಯದಾದರೆ ಸುಮಾರು 11.3 ಮಿ.ಮೀ. ಬರುತ್ತದೆ, 1.5ರ ಅಳತೆಯದಾದರೆ 12 ಮಿ.ಮೀ. ಈ ವ್ಯತ್ಯಾಸ ಯಾರ ಕಣ್ಣಿಗಾದರೂ ಕಾಣುತ್ತದೆ. ಹೊರವ್ಯಾಸವನ್ನೂ ಬರೆದುಕೊಂಡು ಮಾರುವವರಿಗೆ ಈ ಎರಡು ಅಂಕಿಗಳನ್ನು ಕಳುಹಿಸಿ, ಅವರ ನಟ್ಟಿನ ಅಳತೆಯನ್ನು ಕೇಳಿ. ಅಂಕಿಯಲ್ಲಿ ಉತ್ತರ ಕೊಡದೆ 'ಎಲ್ಲಕ್ಕೂ ಹೊಂದುತ್ತದೆ' ಎಂದಷ್ಟೇ ಹೇಳುವವರಿಂದ ಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ: ಕಿಂಡಿಗಾಜು

ಮೇಲಿನವರು ನಟ್ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ನಾನು ಫ್ರಂಟ್ ಸೈಟ್ ಮತ್ತು ಉದ್ದದ ಬಗ್ಗೆ ಮಾತ್ರ ಬರೆಯುತ್ತೇನೆ.

ಕಾರ್ಬೈನ್ (ಮೋಟು ರೈಫಲ್) ಅಳತೆಯ ತ್ರಿಕೋನ ಸೈಟ್ ರಿಸೀವರಿನಿಂದ ಸುಮಾರು 7 ಇಂಚಿನಷ್ಟು ಮುಂದೆ ನಿಂತಿರುತ್ತದೆ. 12 ಇಂಚಿನ ಹ್ಯಾಂಡ್‌ಗಾರ್ಡ್ ಅದನ್ನು ದಾಟಿ ಹೋಗಬೇಕಾದುದರಿಂದ ಸೈಟನ್ನು ಪೂರ್ತಿ ತೆಗೆಯಲೇಬೇಕು. ಕೆಲವು ರೈಫಲ್‌ಗಳಲ್ಲಿ ಅದನ್ನು ಕೆಳಗಿನ ಸಣ್ಣ ತಿರುಪುಗಳು ಹಿಡಿದಿರುತ್ತವೆ, ಅಲನ್ ಕೀ ಸಾಕು. ಕೆಲವದರಲ್ಲಿ ಅಡ್ಡಡ್ಡಲಾಗಿ ಎರಡು ಪಿನ್ನುಗಳಿರುತ್ತವೆ. ಪಿನ್ ಓರೆಯಾಗಿ ಸಪೂರವಾಗುತ್ತ ಹೋಗಿದ್ದರೆ ಸಪೂರದ ತುದಿಯ ಕಡೆಯಿಂದಲೇ ಹೊಡೆಯಬೇಕು. ಉಲ್ಟಾ ಹೊಡೆದಷ್ಟೂ ಅದು ಇನ್ನೂ ಬಿಗಿಯಾಗುತ್ತದೆ. ಎರಡೂ ತುದಿಗಳ ವ್ಯಾಸವನ್ನು ಕ್ಯಾಲಿಪರ್‌ನಿಂದ ಅಳೆದ ಮೇಲೆ ಸುತ್ತಿಗೆ ಕೈಗೆತ್ತಿಕೊಳ್ಳಿ. ಕೆಳಗೆ ಮರದ ತುಂಡಿಟ್ಟು, ರಂಧ್ರಕ್ಕಿಂತ ತುಸು ಚಿಕ್ಕದಾದ ಪಂಚಿನಿಂದ, ಸಣ್ಣ ಪೆಟ್ಟುಗಳಲ್ಲಿ. ಸೈಟ್ ಹೋದ ಜಾಗಕ್ಕೆ ತಗ್ಗಾದ ಗ್ಯಾಸ್ ಬ್ಲಾಕ್ (ಬ್ಯಾರೆಲ್ ಮೇಲೆ ಕೂರುವ ಲೋಹದ ತುಂಡು) ಹಾಕಬಹುದು. ಏರ್‌ಸಾಫ್ಟ್‌ನಲ್ಲಿ ಅದು ನೋಟಕ್ಕಷ್ಟೇ. ಹಾಕದಿದ್ದರೂ ರೈಫಲ್ ಕೆಲಸ ಮಾಡುತ್ತದೆ.

ಉದ್ದವನ್ನು ಹೆಸರಿನಿಂದ ಲೆಕ್ಕ ಹಾಕಬೇಡಿ. ರಿಸೀವರಿನ ಮುಖದಿಂದ ಬ್ಯಾರೆಲ್ ತುದಿಯ ಥ್ರೆಡ್ ಆರಂಭವಾಗುವವರೆಗೆ ಟೇಪ್ ಹಿಡಿದು ಅಳೆಯಿರಿ. 12 ಇಂಚೆಂದರೆ 305 ಮಿ.ಮೀ., 13.5 ಇಂಚೆಂದರೆ 343 ಮಿ.ಮೀ. ಹ್ಯಾಂಡ್‌ಗಾರ್ಡಿನ ತುದಿಗಿಂತ ಬ್ಯಾರೆಲ್ ಒಂದಿಷ್ಟಾದರೂ ಮುಂದೆ ಬಂದಿರಲಿ. ಒಳಗೇ ಉಳಿದರೆ ಫ್ಲ್ಯಾಶ್ ಹೈಡರ್ (ಬ್ಯಾರೆಲ್ ತುದಿಯ ಮೂತಿ) ಬಿಚ್ಚಲು, ಟ್ರೇಸರ್ (ಗುಂಡು ಹೊಳೆಯುವಂತೆ ಮಾಡುವ ದೀಪದ ಕೊಳವೆ) ಹಾಕಲು ಪಾನಾ ಹೋಗುವುದಿಲ್ಲ. ಟ್ರೇಸರನ್ನು ಹ್ಯಾಂಡ್‌ಗಾರ್ಡಿನೊಳಗೆ ಹುದುಗಿಸುವ ಆಸೆಯಿದ್ದರೆ ಎರಡರ ವ್ಯಾಸವನ್ನೂ ಅಳೆಯಿರಿ. ಅಂಚು ಎಲ್ಲಾದರೂ ತಾಗಿದರೆ ಮಟ್ಟಗೋಲು ಅವರು ಹೇಳಿದ ಲಾಭವೆಲ್ಲ ಅಲ್ಲಿಗೇ ಮುಗಿಯಿತು.

ಕಿಂಡಿಯ ವಿಷಯದಲ್ಲಿ ಎಂ-ಲಾಕ್ ಆರಿಸಿರುವುದು ಒಳ್ಳೆಯದು. 1995ರಲ್ಲಿ ಅಮೆರಿಕದ ಸೇನೆಯ ಮಾನಕವಾದ ಪಿಕಟಿನಿ ಹಳಿ ಗಟ್ಟಿಯಾದದ್ದೇ, ಆದರೆ ನಾಲ್ಕೂ ಬದಿಗೆ ಹಲ್ಲುಗಳಿದ್ದರೆ ಭಾರ ಹೆಚ್ಚು, ಬರಿಗೈಗೆ ಒರಟು. 2012ರಲ್ಲಿ ಬಂದ, ಕಿಂಡಿಗಳ ಇನ್ನೊಂದು ಮಾದರಿಯಾದ ಕೀಮಾಡ್ ಹಗುರವಾದದ್ದು; ಆದರೆ ಅಮೆರಿಕದ ನೌಕಾಪಡೆಯ ಕ್ರೇನ್ ಕೇಂದ್ರ ನಡೆಸಿ 2017ರಲ್ಲಿ ಹೊರಬಿದ್ದ ಹೋಲಿಕೆಯಲ್ಲಿ ಎಂ-ಲಾಕ್ ಅದಕ್ಕಿಂತ ಚೆನ್ನಾಗಿ ತಡೆದುಕೊಂಡಿತು. ಎಂ-ಲಾಕ್ ಉಪಕರಣ ಹಾಕುವಾಗ ಒಳಗಿನ ಟಿ ಆಕಾರದ ನಟ್ ಪೂರ್ತಿ ಕಾಲು ಸುತ್ತು ತಿರುಗಿ ಅಡ್ಡವಾಗಿ ಕೂತಿದೆಯೇ ಎಂದು ಬೆಳಕು ಬಿಟ್ಟು ನೋಡಿ. ಅರೆಬರೆ ತಿರುಗಿದ ನಟ್ ಬಿಗಿಯಾದಂತೆಯೇ ಅನ್ನಿಸುತ್ತದೆ, ಆಟದ ನಡುವೆ ಕಳಚಿ ಬೀಳುತ್ತದೆ.

ಮುಂಗಾವಲು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಬಿಚ್ಚಿ ಅಳೆದೆ. ಎಂಟು ಎಳೆಗಳ ದೂರ 11.3ರ ಆಸುಪಾಸಿಗೆ ಬಂದಿತು, ಅಂದರೆ ಇಂಚಿನ ಅಳತೆಯದು. ಹಳೆಯ ನಟ್ ಮಾತ್ರ ಸುಲಭಕ್ಕೆ ಜಗ್ಗಲಿಲ್ಲ. ಥ್ರೆಡ್ಡಿನಲ್ಲಿ ಕೆಂಪು ಅಂಟು ಹಾಕಿದ್ದರು. ಹೇರ್ ಡ್ರೈಯರ್‌ನಿಂದ ಹತ್ತು ನಿಮಿಷ ಕಾಯಿಸಿದರೂ ಪ್ರಯೋಜನವಾಗದೆ, ಪರಿಚಯದವರ ಹೀಟ್ ಗನ್ ತಂದು ಒಳ ಬ್ಯಾರೆಲ್ಲನ್ನು ತೆಗೆದಿಟ್ಟು ಕಾಯಿಸಿದ ಮೇಲೆ ಸಡಿಲಿಸಿತು. ರಿಸೀವರ್ ಮುಖದಿಂದ ಮುಂದಿನ ಥ್ರೆಡ್ಡಿಗೆ 350 ಮಿ.ಮೀ. ಇರುವುದರಿಂದ 12 ಇಂಚಿನದನ್ನೇ ಆರಿಸುತ್ತೇನೆ.

ಉಳಿದಿರುವುದು ಬ್ಯಾಟರಿ. ವೈರುಗಳು ರಿಸೀವರಿನಿಂದ ನಟ್ ಪಕ್ಕದ ಸಂದಿಯ ಮೂಲಕ ಮುಂದಕ್ಕೆ ಬರುತ್ತವೆ. ಹೊಸ ಹ್ಯಾಂಡ್‌ಗಾರ್ಡಿನ ಒಳಗೆ ಬ್ಯಾಟರಿ ಹಿಡಿಸುವಂತೆ ಕಾಣುವುದಿಲ್ಲ.

ಉತ್ತರ: ತಾಮ್ರದೆಳೆ

ಇದು ಬಹಳ ಎಚ್ಚರದಿಂದ ಮಾಡಬೇಕಾದ ಭಾಗ, ಆದುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ವೈರುಗಳನ್ನು ಹಿಂದಕ್ಕೆ ತಿರುಗಿಸಿ ಬ್ಯಾಟರಿಯನ್ನು ಹಿಂಬದಿಯ ಬಫರ್ ಟ್ಯೂಬಿನೊಳಗೆ (ಭುಜಕ್ಕೊರಗುವ ಹಿಂಭಾಗವನ್ನು ಹೊತ್ತ ಕೊಳವೆ) ಇಡುವುದು. ನೋಟಕ್ಕೂ ತೂಕಕ್ಕೂ ಇದೇ ಉತ್ತಮ: ಅಲ್ಯೂಮಿನಿಯಂ ಹ್ಯಾಂಡ್‌ಗಾರ್ಡ್ ಬಂದ ಮೇಲೆ ಮುಂಭಾಗ ಭಾರವಾಗುತ್ತದೆ, ಬ್ಯಾಟರಿ ಹಿಂದೆ ಹೋದರೆ ಅದು ಸರಿದೂಗುತ್ತದೆ. ಆದರೆ ವೈರುಗಳು ಹೊರಡುವುದು ಟ್ರಿಗರ್ ಹಿಂದಿನ ಸ್ವಿಚ್ಚಿನಿಂದಲಾದುದರಿಂದ ಗೇರ್‌ಬಾಕ್ಸ್ (ಗುಂಡು ಹಾರಿಸುವ ಯಂತ್ರವಿರುವ ಪೆಟ್ಟಿಗೆ) ತೆರೆಯಬೇಕಾಗುತ್ತದೆ. ಮೊದಲ ಸಲ ತೆರೆಯುವವರಿಗೆ ಸ್ಪ್ರಿಂಗ್ ಎಗರುವುದು, ಸಣ್ಣ ವಾಷರುಗಳ ಜಾಗ ಅದಲುಬದಲಾಗುವುದು ಖಂಡಿತ. ಅನುಭವಿಗಳು ಪಕ್ಕದಲ್ಲಿದ್ದರೆ ಮಾತ್ರ ಕೈಹಾಕಿ.

ಎರಡನೆಯ ದಾರಿ ವೈರುಗಳು ಮುಂದಕ್ಕೇ ಬರಲೆಂದು ಬಿಟ್ಟು, ಹ್ಯಾಂಡ್‌ಗಾರ್ಡಿನ ಮೇಲೆ ಲೇಸರ್ ಪೆಟ್ಟಿಗೆಯ ಆಕಾರದ ಪಿಇಕ್ಯೂ ಡಬ್ಬಿ ಹಾಕಿ ಅದರಲ್ಲಿ ಬ್ಯಾಟರಿ ಇಡುವುದು. ಗೇರ್‌ಬಾಕ್ಸ್ ಮುಟ್ಟಬೇಕಾಗಿಲ್ಲ. ನೀವು ಈಗ ಇದನ್ನೇ ಮಾಡಿ ಎಂಬುದು ನನ್ನ ಸಲಹೆ.

ಯಾವ ನಟ್ಟಿಗಾದರೂ ವೈರು ದಾಟಲು ಜಾಗ ಬೇಕು. ಹಳೆಯ ನಟ್ಟಿನಲ್ಲಿ ಅಂಚಿನುದ್ದಕ್ಕೂ ಕಚ್ಚುಗಳಿರುತ್ತವೆ. ಫ್ರೀ-ಫ್ಲೋಟ್ ನಟ್ ಅನೇಕ ವೇಳೆ ಸುತ್ತಲೂ ಮುಚ್ಚಿದ ಬಳೆಯಂತಿದ್ದು, ಗ್ಯಾಸ್ ಟ್ಯೂಬಿಗೆಂದು ಬಿಟ್ಟ ಒಂದೇ ತೂತು ಇರುತ್ತದೆ. ಆ ತೂತಿನಲ್ಲಿ ವೈರು ಹೋಗುತ್ತದೆ, ಕನೆಕ್ಟರ್ ಹೋಗುವುದಿಲ್ಲ. ಕನೆಕ್ಟರ್ ಕತ್ತರಿಸಿ, ವೈರು ದಾಟಿಸಿ, ಮತ್ತೆ ಬೆಸುಗೆ ಹಾಕಬೇಕು. ಕತ್ತರಿಸುವಾಗ ಒಂದೊಂದೇ ವೈರು ಕತ್ತರಿಸಿ, ಕೆಂಪು ಕಪ್ಪು ಎರಡನ್ನೂ ಕೂಡಿಸಿ ಅಲ್ಲ. ಬ್ಯಾಟರಿ ಮೊದಲೇ ಹೊರಗಿರಲಿ. ಸಾಲಿನಲ್ಲಿ ಫ್ಯೂಸ್ ಇದ್ದರೆ ಜಾಗವಿಲ್ಲವೆಂದು ಅದನ್ನು ಕಿತ್ತೆಸೆಯಬೇಡಿ.

ಇನ್ನೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಂತ್ರದಲ್ಲಿ ಕೊರೆದ ಅಲ್ಯೂಮಿನಿಯಂ ನಟ್ಟಿನ ತೂತಿನ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಜೊತೆಯ ಆಟಗಾರರೊಬ್ಬರ ರೈಫಲ್‌ನಲ್ಲಿ ಕೆಂಪು ವೈರಿನ ಹೊದಿಕೆ ಆ ಅಂಚಿಗೆ ಉಜ್ಜಿ ಉಜ್ಜಿ ಉಗುರಿನಷ್ಟು ಉದ್ದಕ್ಕೆ ಕಿತ್ತುಹೋಗಿ ತಾಮ್ರ ಹೊಳೆಯುತ್ತಿತ್ತು. ಕಪ್ಪು ವೈರಿಗೂ ಅದೇ ಗತಿ ಬಂದಿದ್ದರೆ ಇಡೀ ಲೋಹದ ರಿಸೀವರಿನ ಮೂಲಕ ಶಾರ್ಟ್ ಆಗುತ್ತಿತ್ತು, ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಾದರೆ ಬೆಂಕಿಯೇ. ಆದುದರಿಂದ ಸಣ್ಣ ಉರುಟು ಅರದಿಂದ ಅಂಚನ್ನು ಉಜ್ಜಿ ನುಣುಪು ಮಾಡಿ, ಬೆರಳಾಡಿಸಿ ನೋಡಿ, ಆಮೇಲೆ ವೈರಿನ ಆ ಭಾಗಕ್ಕೆ ಹೀಟ್‌ಶ್ರಿಂಕ್ ಕೊಳವೆ ತೊಡಿಸಿ. ಅರ ಹಾಕಿದ ಪುಡಿಯನ್ನು ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ.

ಉತ್ತರ: ಮಟ್ಟಗೋಲು

ಅಳತೆ ಸರಿಯಾಗಿ ಬಂದದ್ದು ಸಂತೋಷ. ಕೂರಿಸುವಾಗ ನೆನಪಿಡಬೇಕಾದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಹೊರ ಬ್ಯಾರೆಲ್ಲಿನ ಬುಡದಲ್ಲಿ ಒಂದು ಪುಟ್ಟ ಗೂಟವಿದ್ದು, ಅದು ರಿಸೀವರಿನ ಮೇಲಿನ ಕಚ್ಚಿನಲ್ಲಿ ಕೂರುತ್ತದೆ. ನಟ್ ಬಿಗಿಮಾಡುವಾಗ ಬ್ಯಾರೆಲ್ ಜೊತೆಗೇ ತಿರುಗಲು ಹವಣಿಸುತ್ತದೆ; ಮಿತಿ ಮೀರಿ ಬಿಗಿದರೆ ಆ ಗೂಟ ಮೆದು ಲೋಹವನ್ನು ಒತ್ತಿ ಕಚ್ಚನ್ನು ಅಗಲ ಮಾಡುತ್ತದೆ. ಒಳ ಬ್ಯಾರೆಲ್ ಮತ್ತು ಹಾಪ್‌ಅಪ್ (ಗುಂಡಿಗೆ ಹಿಮ್ಮುಖ ತಿರುಗುವಿಕೆ ಕೊಡುವ ಭಾಗ) ಕೂಡ ಅದರೊಡನೆ ಓರೆಯಾದರೆ ಗುಂಡುಗಳು ಒಂದೇ ಪಕ್ಕಕ್ಕೆ ಬಾಗಿ ಹೋಗುತ್ತವೆ, ಎಷ್ಟು ಹಾಪ್‌ಅಪ್ ತಿರುಗಿಸಿದರೂ ನೇರವಾಗುವುದಿಲ್ಲ. ನಿಜವಾದ ಎಆರ್-15ಕ್ಕೆ ಹೇಳುವ 30ರಿಂದ 80 ಅಡಿ-ಪೌಂಡ್, ಎಂದರೆ ಸುಮಾರು 41ರಿಂದ 108 ನ್ಯೂಟನ್-ಮೀಟರ್ ಬಿಗಿಯನ್ನು ಎಲ್ಲೋ ಓದಿ ಇಲ್ಲಿ ಪ್ರಯೋಗಿಸಬೇಡಿ. ಕೈಯಿಂದ ಪೂರ್ತಿ ಬಿಗಿದು, ಬ್ಯಾರೆಲ್ಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಪಾನಾದಿಂದ ಅಲುಗಾಟ ನಿಲ್ಲುವಷ್ಟು ಮಾತ್ರ ತಿರುಗಿಸಿ. ವೈರಿನ ತೂತು ಸರಿಯಾದ ಜಾಗಕ್ಕೆ ಬರದಿದ್ದರೆ ಬಲ ಹಾಕುವ ಬದಲು ನಟ್ ಹಿಂದೆ ತೆಳುವಾದ ಉಕ್ಕಿನ ಶಿಮ್ (ಬಳೆಯಂಥ ಬಿಲ್ಲೆ) ಸೇರಿಸಿ. ಥ್ರೆಡ್ಡಿಗೆ ನೀಲಿ ಅಂಟು ಒಂದು ಹನಿ ಸಾಕು; ಕೆಂಪಿನ ಅನುಭವ ನಿಮಗೆ ಈಗಾಗಲೇ ಆಗಿದೆ.

ಹ್ಯಾಂಡ್‌ಗಾರ್ಡನ್ನು ತೊಡಿಸಿದ ಮೇಲೆ ಅದರ ಮೇಲಿನ ಹಳಿ ಮತ್ತು ರಿಸೀವರಿನ ಹಳಿ ಎರಡೂ ಒಂದೇ ಗೆರೆಯಲ್ಲಿರಬೇಕು. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಉಕ್ಕಿನ ಸ್ಕೇಲನ್ನು ಎರಡು ಹಳಿಗಳ ಮೇಲೂ ಬರುವಂತೆ ಇಟ್ಟು ಕೆಳಗಿನಿಂದ ಬೆಳಕು ನುಸುಳುತ್ತದೆಯೇ ನೋಡಿ, ಬದಿಗೂ ಹಾಗೆಯೇ. ಸ್ಕೇಲನ್ನು ಒತ್ತಿ ಹಿಡಿದುಕೊಂಡೇ ತಿರುಪುಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಾಲು ಸುತ್ತಿನಂತೆ ಬಿಗಿಯುತ್ತ ಬನ್ನಿ. ರಿಸೀವರಿನ ಎರಡೂ ಕೆನ್ನೆಗಳನ್ನು ಅಪ್ಪುವ ಚಾಚುಗಳಿರುವ ಹ್ಯಾಂಡ್‌ಗಾರ್ಡಾದರೆ ತಿರುಗುವ ಭಯವಿಲ್ಲ. ಅವಿಲ್ಲದವು ಬರೀ ಹಿಡಿತದ ಮೇಲೆ ನಿಲ್ಲುವುದರಿಂದ, ಎರಡರಲ್ಲಿ ಆಯ್ಕೆಯಿದ್ದರೆ ಚಾಚುಗಳಿರುವುದನ್ನೇ ತೆಗೆದುಕೊಳ್ಳಿ.

ಎಲ್ಲ ಸೇರಿಸಿದ ಬಳಿಕ ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡು ಗುಂಡಿನ ವೇಗ ಅಳೆಯಿರಿ. ಮೊದಲಿಗಿಂತ ವೇಗ ಇಳಿದಿದ್ದರೆ ಅಥವಾ ಗುಂಡಿನಿಂದ ಗುಂಡಿಗೆ ಹೆಚ್ಚುಕಡಿಮೆಯಾಗುತ್ತಿದ್ದರೆ ಹಾಪ್‌ಅಪ್ ಹಿಂದಕ್ಕೆ ಪೂರ್ತಿ ಕೂತಿಲ್ಲ, ನಾಝಲ್ (ಗಾಳಿ ಊದುವ ಮೂತಿ) ಬಳಿ ಗಾಳಿ ಸೋರುತ್ತಿದೆ ಎಂದು ತಿಳಿಯಿರಿ. ಹಾಪ್‌ಅಪ್ಪನ್ನು ಹಿಂದಕ್ಕೆ ಒತ್ತುವ ಸ್ಪ್ರಿಂಗ್ ಮೇಜಿನ ಮೇಲೆಯೇ ಉಳಿದಿದೆಯೇ ಎಂಬುದನ್ನು ಮೊದಲು ನೋಡಿ.

ಮುಂಗಾವಲು

ನಿನ್ನೆ ರಾತ್ರಿ ಕೂರಿಸಿದೆ. ಚಾಚುಗಳಿರುವ 12 ಇಂಚಿನದು. ನಟ್ ಕೈಯಿಂದಲೇ ಕೊನೆಯವರೆಗೂ ಒಂದೇ ಸಮನೆ ಹೋಯಿತು. ತೂತು ಸರಿಯಾದ ಜಾಗಕ್ಕೆ ಬರಲು ಒಂದು ಶಿಮ್ ಬೇಕಾಯಿತು. ಅಂಚಿಗೆ ಅರ ಹಾಕಿ ಬೆರಳಾಡಿಸಿದಾಗ ತಾಮ್ರದೆಳೆಯವರ ಮಾತು ಎಷ್ಟು ನಿಜವೆಂದು ತಿಳಿಯಿತು: ಒಳಬದಿಯಲ್ಲಿ ಕಣ್ಣಿಗೆ ಕಾಣದ ಒಂದು ಮುಳ್ಳಿತ್ತು, ಅದನ್ನೂ ತೆಗೆದೆ. ಬ್ಯಾಟರಿ ಸದ್ಯಕ್ಕೆ ಪಿಇಕ್ಯೂ ಡಬ್ಬಿಯಲ್ಲಿದೆ.

ವೇಗ ಮೊದಲ ಸಲ ಅಳೆದಾಗ ಸೆಕೆಂಡಿಗೆ 100 ಮೀಟರಿನಿಂದ 91ಕ್ಕೆ ಇಳಿದಿತ್ತು. ಬಿಚ್ಚಿ ನೋಡಿದರೆ ಸ್ಪ್ರಿಂಗ್ ಇತ್ತು, ಆದರೆ ಓರೆಯಾಗಿ ಸಿಕ್ಕಿಕೊಂಡಿತ್ತು. ನೆಟ್ಟಗೆ ಮಾಡಿದ ಮೇಲೆ ಹತ್ತು ಗುಂಡುಗಳೂ 99ರಿಂದ 101ರೊಳಗೆ ಬಂದವು. ಹಿಡಿಯನ್ನು ಎರಡೂ ಕಡೆಗೆ ಬಲವಾಗಿ ತಿರುಚಿದೆ. ಸದ್ದಿಲ್ಲ, ರೆಡ್ ಡಾಟ್‌ನ ಚುಕ್ಕೆ ಗೋಡೆಯ ಮೇಲಿನ ಗುರುತನ್ನು ಬಿಟ್ಟು ಕದಲಲಿಲ್ಲ.